ಪಿಳ್ಳಮ್ಮನನ್ನು ಒಳಗೆ ಬಿಡದ ಬಾಗಿಲು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ರೇಷ್ಮೆ ಹುಳುಮನೆಯ ಬಾಗಿಲು ಪಿಳ್ಳಮ್ಮನನ್ನು ಒಳಗೆ ಬಿಡಲಿಲ್ಲ.

ಹಿಂದಿನ ರಾತ್ರಿಯಷ್ಟೇ ಆ ಬಾಗಿಲಿಗೆ ಹೊಸ ಯಂತ್ರ ಕೂತಿತ್ತು. ಕಟ್ಟಿದವನು ಅವಳ ಗಂಡ ದ್ಯಾವಪ್ಪ. ಮೂವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿ ಈಗ ಮನೆಯಲ್ಲಿರುವವನು. ಗಂಡು ರೇಷ್ಮೆ ಚಿಟ್ಟೆಯ ಎರಡು ಮೀಸೆಗಳನ್ನು ಗಾಜಿನ ಕೊಳವೆಯೊಳಗೆ ಜೀವಂತವಾಗಿಟ್ಟು, ಅವಕ್ಕೆ ತಂತಿ ಸೇರಿಸಿ, ತಂತಿಯ ತುದಿಗೆ ಲಾರಿಯ ಹಾರನ್ನನ್ನೂ ಕಬ್ಬಿಣದ ಚಿಲಕವನ್ನೂ ಕಟ್ಟಿದ್ದ. ಬಂದವರ ಮೈಮೇಲೆ ಕೀಟನಾಶಕ ಎಳ್ಳಷ್ಟಿದ್ದರೂ ಮೀಸೆಗೆ ತಿಳಿಯುತ್ತಿತ್ತು. ಹಾರನ್ ಕೂಗುತ್ತಿತ್ತು, ಚಿಲಕ ಬೀಳುತ್ತಿತ್ತು.

ಒಳಗೆ ನೂರು ಚಿಟ್ಟೆಗಳ ಮೊಟ್ಟೆಯಿಂದ ಬಂದ ಸಾವಿರಾರು ಹುಳುಗಳು ನಾಲ್ಕನೇ ಜ್ವರದ ನಿದ್ದೆ ಮುಗಿಸಿ, ಪೊರೆ ಬಿಟ್ಟು ಎದ್ದಿದ್ದವು. ಇನ್ನೊಂದು ವಾರ ಹೊಟ್ಟೆ ತುಂಬ ಸೊಪ್ಪು ತಿಂದರೆ ಗೂಡು ಕಟ್ಟುತ್ತವೆ. ಹಿಂದಿನ ಎರಡು ಬೆಳೆ ಇದೇ ಹಂತದಲ್ಲಿ ಹೋಗಿದ್ದವು. ಹುಳುಗಳು ತಲೆ ಎತ್ತಿ ಓಲಾಡಿ, ಹಸಿರು ನೀರು ಕಕ್ಕಿ, ಮೈ ಕುಗ್ಗಿ ಸತ್ತಿದ್ದವು. ಮುಟ್ಟಾದವಳು ಒಳಗೆ ಕಾಲಿಟ್ಟಿದ್ದಕ್ಕೇ ಹೀಗಾಯಿತೆಂದು ಪಿಳ್ಳಮ್ಮ ಸೊಸೆ ನಾಗವೇಣಿಯನ್ನು ತವರಿಗೆ ಕಳಿಸಿ ಒಂದೂವರೆ ತಿಂಗಳಾಗಿತ್ತು.

“ಇದೇನ್ರೀ, ನಮ್ಮನೆ ಬಾಗ್ಲು ನನ್ಗೇ ಬೈತೈತೆ!”

“ನಿನ್ ಮೈಮೇಲೆ ಔಸ್ದಿ ಐತೆ.”

“ನಾನ್ಯಾಕೆ ಔಸ್ದಿ ಮುಟ್ಲಿ? ಸೊಪ್ಪು ಕುಯ್ದೆ, ಗೋಣಿತಾಟು ನೆನೆಸಿ ಮುಚ್ಚಿದೆ, ಕೈಕಾಲು ತೊಳ್ಕೊಂಡು ಬಂದೆ.”

“ಮಿಷನ್ ಸುಳ್ಳು ಹೇಳಲ್ಲ, ನೋಡು.” ದ್ಯಾವಪ್ಪ ಕೈಕಾಲು ತೊಳೆದು, ಎದೆಯುಬ್ಬಿಸಿ ಮುಂದೆ ಬಂದ. ಹಾರನ್ ಇನ್ನೂ ಜೋರಾಗಿ ಕೂಗಿತು!

ಮಗ ಕೆಂಪರಾಜ ಹಲ್ಲುಜ್ಜುತ್ತಾ ಬಂದ. ಹಿಂದಿನ ದಿನ ಟೊಮ್ಯಾಟೊ ತೋಟಕ್ಕೆ ಔಷಧಿ ಹೊಡೆದವನು ಅವನು. ಅವನಿನ್ನೂ ಇಪ್ಪತ್ತು ಹೆಜ್ಜೆ ದೂರವಿರುವಾಗಲೇ ಶುರುವಾದ ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದುಹೋದವು.

“ಮೊದ್ಲು ಆರಿಸ್ರೀ ಅದನ್ನ!” ಪಿಳ್ಳಮ್ಮ ಗಂಡನಿಗೆ ಕೂಗಿದಳು.

“ಸ್ವಿಚ್ಚು ಒಳಗೈತೆ.”

“ಯಾರಾದ್ರೂ ಸ್ವಿಚ್ಚು ಒಳಗಿಡ್ತಾರಾ?”

“ಹೊರಗಿದ್ರೆ ನೀನು ಆರಿಸ್ತಿದ್ದೆ.”

ಕೆಂಪರಾಜ ಕಿಟಕಿಯ ಪರದೆ ಕತ್ತರಿಸಲು ಹೋದ. ಪಿಳ್ಳಮ್ಮ ಕೈ ಹಿಡಿದಳು. ಪರದೆ ಹರಿದರೆ ಊಜಿ ನೊಣ ನುಗ್ಗಿ ಹುಳುಗಳ ಮೈಮೇಲೆ ಮೊಟ್ಟೆಯಿಡುತ್ತದೆ. ಹಾಗಾದರೂ ಬೆಳೆ ಹೋಗುತ್ತದೆ. ಮೂವರೂ ಅಂಗಳದ ಮೂಲೆಯ ನೀಲಿ ಡ್ರಮ್ಮಿನ ನೀರಲ್ಲಿ ಮತ್ತೆ ಕೈಕಾಲು ತೊಳೆದರು. ಹಾರನ್ ಮತ್ತಷ್ಟು ಕೂಗಿತು. ಮೊಣಕೈವರೆಗೆ ತೊಳೆದರು, ಮುಖ ತೊಳೆದರು. ತೊಳೆದಷ್ಟೂ ಕೂಗಿತು.

ಎಂಟು ಗಂಟೆಗೆ ಪಿಳ್ಳಮ್ಮ ಪರದೆಗೆ ಕಿವಿಯಿಟ್ಟಳು. ಈ ಹೊತ್ತಿನಲ್ಲಿ ಹುಳುಗಳು ಮೇಯುವ ಸದ್ದು ಸೋನೆಮಳೆಯಂತೆ ಕೇಳಬೇಕು. ಏನೂ ಕೇಳಲಿಲ್ಲ. ಹಸಿದ ಹುಳುಗಳು ಬರಿದಾದ ಕಡ್ಡಿಗಳ ಮೇಲೆ ಹರಿದಾಡುತ್ತಿದ್ದವು.

ಎಂಟೂ ಇಪ್ಪತ್ತರ ಬಸ್ಸಿಗೆ ನಾಗವೇಣಿ ಬಂದಳು. “ನನ್ ಬಟ್ಟೆ ತಗೊಂಡು ಹೋಗಾಕೆ ಬಂದೆ,” ಎಂದಳು. ಜಗುಲಿಯ ಮೇಲೆ ಚೀಲವಿಟ್ಟು, ಸದ್ದೇನೆಂದು ನೋಡಲು ಹುಳುಮನೆಯತ್ತ ನಡೆದಳು. ಮೂವರೂ ದೂರ ಸರಿದು ದಾರಿ ಬಿಟ್ಟರು.

ಹಾರನ್ ನಿಂತಿತು. ಚಿಲಕ ಮೇಲೆದ್ದಿತು. ಬಾಗಿಲು ತೆರೆಯಿತು.

“ಮೈಮೇಲೆ ಔಸ್ದಿ ಇದ್ರೆ ಕೂಗ್ತೈತೆ, ನಿನ್ ಮೈಮೇಲಿಲ್ಲ,” ಎಂದ ದ್ಯಾವಪ್ಪ. ಪಿಳ್ಳಮ್ಮನಿಗೆ ಕಣ್ಣೆತ್ತಲಾಗಲಿಲ್ಲ. “ಹೋಗು, ಸ್ವಿಚ್ಚು ಆರಿಸು. ಸೊಪ್ಪು ತತ್ತೀನಿ,” ಎಂದು ಒದ್ದೆ ಗೋಣಿತಾಟು ಮುಚ್ಚಿದ ಸೊಪ್ಪಿನ ಹೊರೆಯನ್ನು ಎತ್ತಿ ತಂದಳು. ಹಾರನ್ ಅರಚಿತು!

“ಆರಿಸಲ್ಲ ಅತ್ತೆ.”

“ಹುಳ ಸಾಯ್ತವೆ ಕಣೇ!”

“ಆರಿಸಿದ್ರೆ ಸಾಯ್ತವೆ. ಇರಿ, ದೂರ ಇಡಿ ಅದನ್ನ.”

ನಾಗವೇಣಿ ತಾನೇ ತೋಟಕ್ಕೆ ಹೋಗಿ ಹಿಪ್ಪುನೇರಳೆಯ ಎರಡು ಕೊಂಬೆ ಮುರಿದು ತಂದಳು. ಯಂತ್ರ ಸುಮ್ಮನಿತ್ತು.

“ಗಿಡದ ಸೊಪ್ಪಿಗೆ ಕೂಗಲ್ಲ, ತಾಟು ಮುಚ್ಚಿದ್ದಕ್ಕೆ ಕೂಗ್ತೈತೆ. ಮಾವ, ತಾಟು ಎಲ್ಲಿ ನೆನೆಸ್ತೀರ?”

ಎಲ್ಲರೂ ನೀಲಿ ಡ್ರಮ್ಮಿನ ಕಡೆ ನೋಡಿದರು. ದ್ಯಾವಪ್ಪ ಅದರಿಂದ ಒಂದು ಚೊಂಬು ನೀರು ಎತ್ತಿ ಬಾಗಿಲ ಹತ್ತಿರ ತಂದ. ಹಾರನ್ ಒಮ್ಮೆ ಕಿರುಚಿ, ಗಂಟಲು ಒಡೆದು, ಗೊರಗೊರ ಎನ್ನುತ್ತಾ ನಿಂತಿತು; ಚಿಲಕ ಮಾತ್ರ ಬಿತ್ತು.

“ಏನೋ ಕಲಸ್ದೆ ಇದ್ರಲ್ಲಿ?” ಎಂದು ಮಗನತ್ತ ತಿರುಗಿದ.

“ಟೊಮ್ಯಾಟೊ ಔಸ್ದಿ,” ಎಂದ ಕೆಂಪರಾಜ. “ಮೂರು ಸಲ ತೊಳ್ದಿದ್ದೆ ಕಣಪ್ಪ.”

“ಹೋದ ಬೆಳೇಲೂ ಇದ್ರಲ್ಲೇನಾ?” ನಾಗವೇಣಿ ಕೇಳಿದಳು.

“ಹೂಂ.”

“ಅದರ ಹಿಂದಿನ ಬೆಳೇಲೂ?”

ಅವನು ತಲೆ ತಗ್ಗಿಸಿದ. ಪಿಳ್ಳಮ್ಮ ಜಗುಲಿಗೆ ಹೋಗಿ ಸೊಸೆಯ ಚೀಲ ಎತ್ತಿಕೊಂಡು ಮನೆಯೊಳಗೆ ಇಟ್ಟು ಬಂದಳು.

ಒಂಬತ್ತೂವರೆಗೆ ಹುಳುಮನೆಯಲ್ಲಿ ಸೋನೆಯ ಸದ್ದು ಶುರುವಾಯಿತು. ಏಳು ದಿನ ಸೊಪ್ಪು ಕುಯ್ದು ಹಾಕಿದವಳು ನಾಗವೇಣಿ ಒಬ್ಬಳೇ. ಅದರಲ್ಲಿ ಮೂರು ದಿನ ಅವಳು ಮುಟ್ಟಾಗಿದ್ದಳು. ಪಿಳ್ಳಮ್ಮ ಹತ್ತು ಹೆಜ್ಜೆ ದೂರದಲ್ಲಿ ನಿಂತು ಅವಳಿಗೆ ಊಟಕ್ಕೆ ಕೂಗುತ್ತಿದ್ದಳು. ಎಂಟನೇ ದಿನ ಹುಳುಗಳು ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹತ್ತಿದವು.

ಹನ್ನೊಂದನೇ ದಿನ ಬಾಗಿಲು ಪಿಳ್ಳಮ್ಮನಿಗೆ ತೆರೆಯಿತು. ಕೆಂಪರಾಜನಿಗೆ ಇನ್ನೂ ತೆರೆದಿಲ್ಲ.