ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿ ಸೊಸೆಯ ಇಂಜೆಕ್ಷನ್

ಗುಟ್ಟು ಕಾಯುವುದರಲ್ಲಿ ಮತ್ತು ತಂಪು ಕಾಯುವುದರಲ್ಲಿ ಈ ಭೂಮಂಡಲದಲ್ಲೇ ನಮ್ಮ ಮನೆತನವನ್ನು ಮೀರಿಸಿದವರಿಲ್ಲ! ನಮ್ಮಜ್ಜ ಬಿರುಬೇಸಿಗೆಯಲ್ಲಿ ಹಲಸಂಗಿಯಿಂದ ಸೊಲ್ಲಾಪುರದ ಸಂತೆಗೆ ಚಕ್ಕಡಿಯಲ್ಲಿ ಬೆಣ್ಣೆ ಒಯ್ದರೆ, ಅಲ್ಲಿ ಅದನ್ನು ಕೊಡಲಿಯಿಂದ ಒಡೆಯಬೇಕಾಗುತ್ತಿತ್ತಂತೆ. ಎತ್ತುಗಳಿಗೆ ನೆಗಡಿ ಬೇರೆ.

ಹಾಗಾಗಿ ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ, ಸೊಸೆ ಭುವನೇಶ್ವರಿಗೆ ಸೊಲ್ಲಾಪುರದ ಡಾಕ್ಟರು ಟೆಸ್ಟ್ ಟ್ಯೂಬ್ ಮಗುವಿನ ಚಿಕಿತ್ಸೆ ಶುರು ಮಾಡಿದಾಗ ಮದ್ದು ತಂಪಾಗಿಡಲು ಎದೆ ತಟ್ಟಿಕೊಂಡು ಮುಂದೆ ಬಂದವನು ನಾನೇ. ದಿನಾ ಸಂಜೆ ಹೊಟ್ಟೆಗೊಂದು ಇಂಜೆಕ್ಷನ್. ಚುಚ್ಚಿಕೊಳ್ಳುವುದನ್ನು ಅವಳೇ ಕಲಿತು ಬಂದಿದ್ದಳು. ನಡುನಡುವೆ ಸ್ಕ್ಯಾನ್ ಮಾಡಿ ಅಂಡಗಳು ಎಷ್ಟು ಬೆಳೆದಿವೆ ಎಂದು ಅಳೆಯುವುದು. ಒಂದು ಇಂಜೆಕ್ಷನ್ ತಪ್ಪಿದರೂ, ಬಿಸಿಯಾದರೂ ಪಟ್ಟ ಪಾಡೆಲ್ಲ ನೀರುಪಾಲು.

“ಮಾವಾರ, ಊರಾಗ ಯಾರಿಗೂ ಗೊತ್ತಾಗಬಾರ್ದ್ರಿ,” ಎಂದಳು ಸೊಸೆ. “ಇನ್ನೂ ವಿಶೇಷ ಇಲ್ಲೇನು” ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ದಣಿದ ಹುಡುಗಿ.

“ನಾಲಿಗಿ ಕೊಯ್ದರೂ ಹೇಳಂಗಿಲ್ಲವ್ವ.”

ತೊಡಕೆಂದರೆ, ನಮ್ಮ ಓಣಿಯಲ್ಲಿ ಫ್ರಿಜ್ ಇದ್ದದ್ದು ನಬಿಲಾಲನ ಸೋಡಾ ಅಂಗಡಿಯಲ್ಲಿ ಮಾತ್ರ. ಇಂಜೆಕ್ಷನ್ನಿನ ಡಬ್ಬಿ ಅವನಿಗೇ ಒಯ್ದು ಕೊಟ್ಟೆ.

“ಏನ್ರಿ ಕಾಕಾ ಇದು?”

“ನನಗ ಸಕ್ಕರಿ ಬ್ಯಾನಿ ಬಂದೈತೋ. ಅದರ ಇಂಜೆಕ್ಷನ್ನು.”

ಎಂಥ ಸುಳ್ಳು! ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಬಿಲಾಲನಿಗೂ ಸಕ್ಕರೆ ಕಾಯಿಲೆ ಇತ್ತೆಂಬುದು ನೆನಪಾಗಲಿಲ್ಲ. ನಮ್ಮ ಓಣಿಯ ರಿವಾಜೂ ನೆನಪಾಗಲಿಲ್ಲ. ಇಲ್ಲಿ ಒಬ್ಬರ ಮನೆಯಲ್ಲಿ ಮುಗಿದದ್ದನ್ನು ಇನ್ನೊಬ್ಬರ ಮನೆಯಿಂದ ಎತ್ತಿಕೊಂಡು ಬರುವುದೇ. ಹೆಪ್ಪು, ಚಹಾಪುಡಿ, ಜೋಳದ ಹಿಟ್ಟು. ಕೇಳುವುದೂ ಇಲ್ಲ, ತಿರುಗಿ ಕೊಟ್ಟರಾಯಿತು.

ಒಂದು ಸಂಜೆ ಹೋಗಿ ನೋಡುತ್ತೇನೆ, ತುಂಬಿದ ಅಂಗಡಿಯಲ್ಲಿ ನಬಿಲಾಲ ಅಂಗಿ ಎತ್ತಿಕೊಂಡು ನಿಂತಿದ್ದಾನೆ. ಕೈಯಲ್ಲಿ ನನ್ನ ಸೊಸೆಯ ಮದ್ದು ತುಂಬಿದ ಸಿರಿಂಜು.

“ನಂದು ಮುಗದಾವ್ರಿ ಕಾಕಾ. ನಿಮ್ಮದೊಂದು ಕಡಾ ತಗೊಂಡೇನಿ. ನಾಳಿ ಇಂಡಿ ಪ್ಯಾಟಿಯಿಂದ ತಂದು ಇಡ್ತೇನಿ.”

ಸೂಜಿಗೂ ಅವನ ಹೊಟ್ಟೆಗೂ ಒಂದು ಬೆರಳು ಅಂತರ.

“ಏ, ಬಿಡೋ! ಅದು ಸಕ್ಕರಿಗಲ್ಲ, ಮಕ್ಕಳಾಗಾಕ!”

ನಬಿಲಾಲ ಸಿರಿಂಜನ್ನು ಹಾವಿನ ಮರಿಯಂತೆ ಹಿಡಿದು ಡಬ್ಬಿಗೆ ಇಳಿಸಿದ.

“ಯಾರಿಗ್ರಿ ಕಾಕಾ, ಮಕ್ಕಳು?”

ಬೆಂಚಿನ ಮೇಲಿದ್ದವರೆಲ್ಲ ಸೋಡಾ ಬಿಟ್ಟು ನನ್ನ ಬಾಯಿ ನೋಡುತ್ತಿದ್ದರು. ನನಗೆ ಕಂಡದ್ದು ಸೊಸೆಯ ದಣಿದ ಮುಖ ಒಂದೇ.

“ನನಗ,” ಎಂದೆ.

“ಈ ವಯಸ್ಸಿನ್ಯಾಗ?”

“ಹ್ಞೂಂ. ಆಸೆ ಆತು.”

ಡಬ್ಬಿ ತಂಪಾಗಿಯೇ ಮನೆ ಮುಟ್ಟಿತು. ಆದರೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ಬಾಗಿಲಲ್ಲಿ ನನ್ನ ಹೆಂಡತಿ ಚನ್ನವ್ವ, ಉಡಿಯಲ್ಲಿ ಹುಣಸೆಕಾಯಿ.

“ಬಾಜೂಮನಿ ರೇಣವ್ವ ಕೊಟ್ಟು ಹ್ವಾದಳ್ರಿ. ಹುಳಿ ತಿನಬೇಕಂತ ಅನಸ್ತಿರಬೇಕಲ್ಲ ಅಂದಳು. ನನಗ! ಏನ್ ಹೇಳಿ ಬಂದೀರಿ ಊರಾಗ?”

ಹೇಳಿದೆ. ಒಳಗಿನಿಂದ ತಿಂಗಳುಗಟ್ಟಲೆ ಈ ಮನೆಯಲ್ಲಿ ಕೇಳದ ಸದ್ದೊಂದು ಬಂತು. ಸೊಸೆ ಸೂಜಿ ಚುಚ್ಚಿ ಚುಚ್ಚಿ ನೊಂದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಚನ್ನವ್ವ ಮುಖ ಬಿಗಿದುಕೊಂಡೇ ನನ್ನ ಕೈಯಿಂದ ಡಬ್ಬಿ ಕಸಿದು, ಅದೇ ಕೈಗೆ ಹುಣಸೆಕಾಯಿ ಇಟ್ಟಳು.

“ತಿನ್ರಿ. ನಾಳಿಂದ ಡಬ್ಬಿ ತರಾಕ ನಾನ ಹೋಗ್ತೇನಿ. ನೀವು ಬಿಸಲಾಗ ಅಡ್ಡಾಡಬ್ಯಾಡ್ರಿ, ಭಾರಾ ಎತ್ತಬ್ಯಾಡ್ರಿ. ಇಂಥಾದ್ರಾಗ ಗಂಡಸರು ಹುಷಾರ್ ಇರಬೇಕು.”