ನ್ಯಾಯಾಲಯದ ಜನರೇಟರಿಗೆ ಹೆಸರು ಕೂಗುವವನ ಬಿನ್ನಹ

ಪಡಸಾಲೆಯ ಕೊನೆಯ ಕಿಟಕಿಯಾಚೆ, ತಗಡಿನ ಸೂರಿನಡಿ ವಿರಾಜಮಾನರಾಗಿರುವ ಡೀಸೆಲ್ ಜನರೇಟರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಇದೇ ನ್ಯಾಯಾಲಯದ ಪಡಸಾಲೆಯಲ್ಲಿ ನಿಂತು ಕಕ್ಷಿಗಾರರ ಹೆಸರನ್ನು ಮೂರು ಸಲ ಕೂಗುವ ಜವಾನನಾದ, ವಕೀಲರ ಬಾಯಲ್ಲಿ ‘ಕಹಳೆ’ ಎನಿಸಿಕೊಂಡ ನನ್ನ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಕರೆಂಟು ಹೋದೊಡನೆ ತಮ್ಮ ಕ್ಷೇಮಸಮಾಚಾರ ಊರಿಗೆಲ್ಲ ತಲುಪುತ್ತದೆ. ನನ್ನದನ್ನು ಮಾತ್ರ ಬರೆದೇ ತಿಳಿಸಬೇಕಾಗಿ ಬಂದಿದೆ, ಮನ್ನಿಸಬೇಕು.

ತಮ್ಮ ಕಂಠದ ಬಗ್ಗೆ ನನಗಿರುವುದು ಬರೀ ಗೌರವವಲ್ಲ, ಹೊಟ್ಟೆಕಿಚ್ಚೂ ಹೌದು. ತಾವು ಕೊಂಚ ಗೊರಗೊರ ಎಂದರೆ ಸಾಕು, ಮೆಕ್ಯಾನಿಕ್ ಓಡಿ ಬರುತ್ತಾನೆ, ಎಣ್ಣೆ ಬದಲಾಗುತ್ತದೆ, ಸಾಹೇಬರೇ ಖುದ್ದಾಗಿ ವಿಚಾರಿಸುತ್ತಾರೆ. ತಮ್ಮ ಗದ್ದಲದ ಮೇಲೆ ಗದ್ದಲವೆಬ್ಬಿಸಿ ಹೆಸರು ಕೂಗೀ ಕೂಗೀ ನನ್ನ ಗಂಟಲು ಒಡಕು ಮಡಕೆಯಾದಾಗ ಮೆಕ್ಯಾನಿಕ್ ಯಾರೂ ಬರಲಿಲ್ಲ. ಬಂದವರೆಲ್ಲ ಪಂಡಿತರೇ. ಹಿರಿಯ ವಕೀಲರೊಬ್ಬರು, “ಜೋರಾಗಿ ಕ್ಯಾಕರಿಸಿ ಗಂಟಲು ಬಿಡಿಸ್ಕೊ ಮಾರಾಯ, ಕಫ ಅಷ್ಟೇ,” ಎಂದರು. ಟೈಪಿಸ್ಟಮ್ಮ, “ಪಿಸುಪಿಸು ಮಾತಾಡಿ, ಧ್ವನಿ ಉಳಿಯತ್ತೆ,” ಎಂದರು. ಕ್ಯಾಂಟೀನಿನವನು ನಾಲಿಗೆ ಸುಡುವ ಚಹಾ ಕೊಟ್ಟ, ನನ್ನ ಭಾವಮೈದ ಮೂಗಿನಲ್ಲಿ ನೀರಿಳಿಸುವ ಪೆಪ್ಪರ್‌ಮಿಂಟು ಕೊಟ್ಟ. ನಾನು ಯಾರ ಮನಸ್ಸನ್ನೂ ನೋಯಿಸಲಾರದವನು. ಕ್ಯಾಕರಿಸಿದೆ, ಪಿಸುಗುಟ್ಟಿದೆ, ಸುಟ್ಟುಕೊಂಡೆ, ಚೀಪಿದೆ. ತಿಂಗಳು ಕಳೆಯುವುದರೊಳಗೆ ನನ್ನ ಬಾಯಿಂದ ಕೀಲೆಣ್ಣೆ ಕಾಣದ ಬಾಗಿಲಿನ ಸದ್ದು ಬರತೊಡಗಿತು.

ಹೀಗಿರುವಾಗ ಒಂದು ಬೆಳಿಗ್ಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಮೊಕದ್ದಮೆ ಬಂತು. ಅವಳ ಹೊಲಿಗೆ ಯಂತ್ರವಿದ್ದ ಕೋಣೆಯನ್ನು ಮಾಲೀಕ ಬೀಗ ಹಾಕಿ ಕಿತ್ತುಕೊಂಡಿದ್ದ. ಅದನ್ನು ಬಿಡಿಸಿಕೊಡಿ ಎಂದು ಅವಳು ದಾವೆ ಹೂಡಿದ್ದಳು. ಅವಳ ವಕೀಲರು ಬೇರೊಂದು ಕೋರ್ಟಿನಲ್ಲಿದ್ದರು. ಜಾಗ ಸಿಗದೆ ಅವಳು ಕುಳಿತದ್ದು ತಮ್ಮ ಪಕ್ಕದ ಕಟ್ಟೆಯ ಮೇಲೆ. ಕರೆಂಟು ಹೋಯಿತು, ತಾವು ಎದ್ದಿರಿ. ನಾನು ಅವಳ ಹೆಸರನ್ನು ಮೂರು ಸಲ ಕೂಗಿದೆ. ಮೂರನೆಯದು ನನ್ನ ಕಿವಿಗೇ ಬೀಳಲಿಲ್ಲ. ಗೈರುಹಾಜರಿಯೆಂದು ದಾವೆ ವಜಾ ಆಯಿತು. ಆಮೇಲೆ ಅವಳು ಬಂದು, “ಅಣ್ಣಾ, ನಮ್ಮದು ಯಾವಾಗ ಕರೀತಾರೆ?” ಎಂದು ಕೇಳಿದಾಗ, ಉತ್ತರ ಹೇಳಲು ನನಗೆ ಧ್ವನಿಯಿಲ್ಲದ್ದೇ ಒಳ್ಳೆಯದಾಯಿತು ಎನಿಸಿತು.

ಅಂದೇ ಸಂಜೆ ಗಂಟಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಮೂಗಿನೊಳಗೆ ಸಣ್ಣ ಕೊಳವೆ ಇಳಿಸಿ ನೋಡಿ, “ಹಾರೆ ಹಿಡಿದ ಅಂಗೈ ಹಾಗೆ ನಿಮ್ಮ ಸ್ವರತಂತು ದಡ್ಡುಗಟ್ಟಿದೆ. ಮೂರು ವಾರ ದಾಟಿದರೂ ಧ್ವನಿ ಒಡೆದೇ ಇದ್ದರೆ ತೋರಿಸ್ಬೇಕು ಅಂತ ಯಾರೂ ಹೇಳ್ಲಿಲ್ವಾ?” ಎಂದರು. ಮಿಕ್ಕಿದ್ದೆಲ್ಲ ಹೇಳಿದ್ದಾರೆ ಎಂದು ಸನ್ನೆ ಮಾಡಿದೆ. ಕ್ಯಾಕರಿಸುವುದು, ಪಿಸುಗುಟ್ಟುವುದು ಎರಡೂ ಗಾಯದ ಮೇಲೆ ಬರೆ ಎಳೆದ ಹಾಗೆ ಎಂದು ತಿಳಿಸಿ, ಆಗಾಗ ನೀರು ಗುಟುಕರಿಸಬೇಕು, ಕೆಲವು ದಿನ ಬಾಯಿ ಬಿಡಲೇಬಾರದು ಎಂದು ಅಪ್ಪಣೆ ಕೊಡಿಸಿದರು. ನನ್ನ ಹೆಂಡತಿ ಆ ಅಪ್ಪಣೆಯನ್ನು ಹಬ್ಬದಂತೆ ಸ್ವಾಗತಿಸಿ, “ಇನ್ನೂ ಸ್ವಲ್ಪ ಜಾಸ್ತಿ ದಿನ ಬರೆಸ್ಕೊಂಡು ಬರಬಾರದಿತ್ತಾ?” ಎಂದಳು.

ಹೆಸರು ಕೂಗುವ ಕೆಲಸ ಬೇರೊಬ್ಬನಿಗೆ ಹೋಯಿತು. ನಾನು ಕಡತ ಹೊತ್ತುಕೊಂಡು ಓಡಾಡತೊಡಗಿದೆ. ಆ ಮೌನದ ನಡುವೆಯೇ, ವಜಾ ರದ್ದು ಮಾಡಬೇಕೆಂಬ ಹೊಲಿಗೆಯವಳ ಅರ್ಜಿ ವಿಚಾರಣೆಗೆ ಬಂತು. ಮಾಲೀಕನ ವಕೀಲರು ನನ್ನತ್ತ ಕೈ ತೋರಿಸಿ, “ಮೂರು ಸಲ ಕೂಗಿದವನು ಇಲ್ಲೇ ಇದ್ದಾನೆ, ಕೇಳಿ ಸ್ವಾಮಿ,” ಎಂದರು. “ಕೂಗಿದ್ದು ನಿಜ ತಾನೇನಪ್ಪಾ?” ಎಂದು ನ್ಯಾಯಾಧೀಶರು ಕೇಳಿದರು. ತಲೆ ಆಡಿಸಿದರೆ ಸಾಕಿತ್ತು. ಅದು ಸತ್ಯವೂ ಆಗುತ್ತಿತ್ತು, ಡಾಕ್ಟರಮ್ಮನ ಮಾತೂ ಉಳಿಯುತ್ತಿತ್ತು, ಆ ಕೋಣೆ ಮಾತ್ರ ಮಾಲೀಕನ ಪಾಲಾಗುತ್ತಿತ್ತು. ಅಷ್ಟು ವರ್ಷ ಈ ಕೋರ್ಟಿನಲ್ಲಿ ಪರರ ಹೆಸರನ್ನಲ್ಲದೆ ಬೇರೇನನ್ನೂ ಆಡದಿದ್ದ ನಾನು ಬಾಯಿ ತೆರೆದೆ.

“ಕೂಗಿದ್ದು ನಿಜ ಸ್ವಾಮಿ. ಕೇಳಿಸಿದ್ದು ಸುಳ್ಳು.”

ಸರಿಯಾಗಿ ಆಗಲೇ ಕರೆಂಟು ಹೋಯಿತು ಮತ್ತು ತಾವು, ಕರೆಯದೆಯೇ ಬರುವ ಮಹಾನುಭಾವರು, ಗುಡುಗಿದಿರಿ. ನ್ಯಾಯಾಧೀಶರು ಕಿವಿಗೆ ಕೈ ಹಚ್ಚಿ ಮುಂದಕ್ಕೆ ಬಾಗಿದರು. ಮತ್ತೆ ಹೇಳಿದೆ. ಇನ್ನೊಮ್ಮೆ ಬಾಗಿದರು. ಮೂರನೆಯ ಸಲವೂ ಕೇಳದಿದ್ದಾಗ, ಪೆನ್ನು ಕೆಳಗಿಟ್ಟು ಕಿಟಕಿಯಾಚೆ ತಮ್ಮನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಮತ್ತೆ ಪೆನ್ನೆತ್ತಿಕೊಂಡು ದಾವೆಯನ್ನು ಮರಳಿ ವಿಚಾರಣೆಗೆ ತೆಗೆದುಕೊಂಡರು. ಪ್ರಮಾಣ ಮಾಡದೆ, ಲಂಚ ಮುಟ್ಟದೆ, ಸವಾಲಿಗೆ ತಡವರಿಸದೆ ಸಾಕ್ಷಿ ನುಡಿದವರನ್ನು ಈ ನ್ಯಾಯಾಲಯದಲ್ಲಿ ನಾನು ಕಂಡದ್ದು ಅದೊಂದೇ ಸಲ, ಅದೂ ತಮ್ಮಲ್ಲಿ.

ಹೊಲಿಗೆಯವಳು ಕೋಣೆಯನ್ನು ಗೆದ್ದಳು. ನನ್ನ ಧ್ವನಿ ಮುಕ್ಕಾಲು ಭಾಗ ಮರಳಿದೆ. ಮೂರು ಮಾತು ಜಾಸ್ತಿ ಆಡಿದ್ದಕ್ಕೆ ಡಾಕ್ಟರಮ್ಮ ಬೈದದ್ದು ಬೇರೆ. ಈಗ ನಾನು ಕೂಗುವುದಿಲ್ಲ, ಬೆಂಚಿನಿಂದ ಬೆಂಚಿಗೆ ನಡೆದು ಹೆಸರು ಹೇಳುತ್ತೇನೆ. ಇದರಿಂದ ನ್ಯಾಯಾಲಯದ ಗತ್ತು ಕುಂದಿತೆಂದು ವಕೀಲರು ಕೊರಗುತ್ತಿದ್ದಾರೆ.

ಆದ್ದರಿಂದ ತಮ್ಮಲ್ಲಿ ಕಳಕಳಿಯ ವಿನಂತಿ: ಗುಡುಗುವ ಮುನ್ನ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು, ಅಮ್ಮಂದಿರು, ಮಕ್ಕಳು, ಕಿವಿ ಮಂದವಾದವರು ಪಕ್ಕದಲ್ಲಿ ಕುಳಿತಾಗ ಮೌನವ್ರತ ಹಿಡಿಯಬೇಕು, ಆಗಲೂ ಗುಡುಗಲೇಬೇಕಾದರೆ ಕಕ್ಷಿಗಾರರ ಹೆಸರನ್ನೇ ಗುಡುಗಬೇಕು.

ತಮ್ಮ ಮುಂದೆ ಬಾಯಿ ಮುಚ್ಚಿ ನಿಂತ ವಿಶ್ವಾಸಿ,
ಕಹಳೆ

ತಾ.ಕ.: ನನ್ನ ಗಂಟಲಿನ ಮೇಲೆ ಕನಿಕರ ಬಂದು ಮೇಲಿನವರು ಪಡಸಾಲೆಗೆ ಮೈಕು ಮಂಜೂರು ಮಾಡಿದ್ದಾರೆ. ಕರೆಂಟು ಹೋದಾಗ ಅದು ನಡೆಯುವುದು ತಮ್ಮಿಂದಲೇ ಅಂತೆ.