ಡೆಲಿಯಾ ಓಟಿಗೆ ಹೆಸರು ಬರೆಸಿದ್ದು

ಹೆಂಗಸರಿಗೂ ಓಟು ಬರಲಿ ಎಂದು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಬೀದಿ ಸುತ್ತಿ ಮೂರು ಜೊತೆ ಬೂಟು ಸವೆಸಿದ್ದ ಡೆಲಿಯಾ, ಓಟು ಬಂದ ಮೇಲೆ ಹೆಸರು ಬರೆಸಲು ಹೋದದ್ದೇ ತಪ್ಪಾಯಿತು. 1912ರ ಮಾರ್ಚ್ ತಿಂಗಳ ಆ ಬೆಳಿಗ್ಗೆ ಮಂಜು ಒದ್ದೆ ಕಂಬಳಿಯ ಹಾಗೆ ಊರ ಮೇಲೆ ಬಿದ್ದುಕೊಂಡಿತ್ತು.

"ಹುಟ್ಟಿದ್ದೆಲ್ಲಿ?" ಎಂದ ಗುಮಾಸ್ತ, ತಲೆ ಎತ್ತದೆ.

"ಇಲ್ಲೇ, ಟೆಲಿಗ್ರಾಫ್ ಗುಡ್ಡದ ಮೇಲೆ."

"ದಾಖಲೆ?"

"ಆರು ವರ್ಷದ ಹಿಂದೆ ಭೂಕಂಪದ ಬೆಂಕೀಲಿ ದಾಖಲೆಗಳೆಲ್ಲ ಸುಟ್ಟುಹೋದ್ವಲ್ಲ ಸ್ವಾಮಿ!"

"ಹಾಗಾದ್ರೆ ನೀವು ಹುಟ್ಟಿದ್ದನ್ನ ಕಂಡವರನ್ನ ಕರ್ಕೊಂಡ್ ಬನ್ನಿ."

ಕಂಡವಳು ಒಬ್ಬಳಿದ್ದಳು: ಡೆಲಿಯಾಳ ಮನೆ ಪಕ್ಕದ ರೊಟ್ಟಿ ಅಂಗಡಿಯ ಫಿಲೊಮೆನಾ. ಓಣಿಯವರ ಹುಟ್ಟು, ಮದುವೆ, ಜಗಳ ಎಲ್ಲವೂ ಆಕೆಗೆ ತಾರೀಖಿನ ಸಮೇತ ಬಾಯಿಪಾಠ. ಕರೆದದ್ದೇ ತಡ, ಹಿಟ್ಟು ಮೆತ್ತಿದ ಕೈಯಲ್ಲೇ ಹೊರಟುಬಂದಳು. ಡೆಲಿಯಾ ಹುಟ್ಟಿದ ದಿನ ಅವಳಮ್ಮ ಎಷ್ಟು ಕಿರುಚಿದಳು, ಸೂಲಗಿತ್ತಿ ಎಷ್ಟು ಕುಡಿದಿದ್ದಳು ಎಂಬುದನ್ನೆಲ್ಲ ಸಾಲಿನಲ್ಲಿ ನಿಂತ ನಲವತ್ತು ಜನಕ್ಕೂ ಕೇಳುವಂತೆ ಬಣ್ಣಿಸಿದಳು. ಡೆಲಿಯಾಳ ಮುಖ ಬೇಯಿಸಿದ ಏಡಿಯಂತೆ ಕೆಂಪಾಯಿತು.

"ಸಾಕು ತಾಯೀ, ಹುಟ್ಟಿದಾರೆ, ಒಪ್ಪಿದೆ," ಎಂದು ಗುಮಾಸ್ತ ಡೆಲಿಯಾಳ ಕಡೆ ತಿರುಗಿದ. "ಗಂಡ?"

"ಐವಿಂಡ್. ಹಡಗುಕಟ್ಟೇಲಿ ಮೂಟೆ ಹೊರ್ತಾನೆ. ನಾರ್ವೆಯವನು."

ಗುಮಾಸ್ತ ಲೇಖನಿ ಕೆಳಗಿಟ್ಟ. "ಪರದೇಶದವನನ್ನ ಕಟ್ಕೊಂಡ ಹೆಂಗಸೂ ಪರದೇಶದವಳೇ. ಐದು ವರ್ಷದ ಹಿಂದೆ ಬಂದ ಕಾನೂನು. ನೀವೀಗ ನಾರ್ವೆಯವರು."

"ನಾನು ಈ ಕೊಲ್ಲಿ ದಾಟಿದವಳಲ್ಲ! ನಾರ್ವೆ ಯಾವ ದಿಕ್ಕಿಗಿದೆ ಅಂತಾನೂ ಗೊತ್ತಿಲ್ಲ ನಂಗೆ!"

"ಅವನು ಇಲ್ಲಿನ ಪೌರತ್ವ ತಗೊಂಡಿದ್ರೆ ಸರಿಹೋಗುತ್ತೆ."

"ತಗೊಂಡಿದಾನಲ್ಲ! ಹತ್ತು ವರ್ಷದಿಂದ ಓಟು ಹಾಕ್ತಿದಾನೆ!"

"ಕಾಗದ ತನ್ನಿ, ನೋಡೋಣ."

ಅಂದು ಮಂಜಿಗೆ ಹಡಗು ಬಾರದೆ ಐವಿಂಡ್ ಮನೆಯಲ್ಲೇ ಕೂತಿದ್ದ. ವಿಷಯ ಕೇಳಿ ಎದ್ದು ಪೆಟ್ಟಿಗೆಗೆ ಅಡ್ಡ ನಿಂತ. "ಒಂದು ಓಟಿಗೆ ಇಷ್ಟೊಂದು ಯಾಕೆ? ಕಾಗದ ಎಲ್ಲಿದೆಯೋ ಏನೋ..."

"ಹೆಂಡತಿ ಓಟು ಹಾಕ್ತಾಳೆ ಅಂತ ಹೊಟ್ಟೆಯುರಿ ಕಣೇ ಇವನಿಗೆ!" ಎನ್ನುತ್ತ ಫಿಲೊಮೆನಾ ತಾನೇ ಪೆಟ್ಟಿಗೆ ತೆರೆದು, ಉಣ್ಣೆಯ ಕಾಲುಚೀಲಗಳ ಅಡಿಯಿಂದ ಕಾಗದ ಎಳೆದು, ಇಬ್ಬರನ್ನೂ ಕಚೇರಿಗೆ ಅಟ್ಟಿಕೊಂಡು ಬಂದಳು.

ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದ. "1898ರಲ್ಲಿ ಕೊಟ್ಟದ್ದು..."

"ಅಪ್ಪಟ ಕಾಗದ ಸ್ವಾಮಿ!" ಫಿಲೊಮೆನಾ ಮುನ್ನುಗ್ಗಿದಳು. "ಇವನು ಹಡಗಿಂದ ಇಳಿದ ದಿನಾನೇ ನಂಗೆ ನೆನಪಿದೆ. 1901, ಹಡಗುಕಟ್ಟೆಯವರು ಮುಷ್ಕರ ಹೂಡಿದ ಬೇಸಗೆ. ಈ ದೇಶದಲ್ಲಿ ಇವನಿಗೆ ಮೊದಲ ರೊಟ್ಟಿ ಕೊಟ್ಟವಳೇ ನಾನು!"

ಗುಮಾಸ್ತ ಬೆರಳು ಮಡಚಿ ಲೆಕ್ಕ ಹಾಕಿದ.

"ಅಂದ್ರೆ ಈ ಮಹಾರಾಯ ಇಲ್ಲಿ ಕಾಲಿಡೋಕೆ ಮೂರು ವರ್ಷ ಮುಂಚೇನೇ ಅಮೆರಿಕದವನಾಗಿದ್ದ!" ಎಂದ ಗುಮಾಸ್ತ.

ಐವಿಂಡ್ ಟೋಪಿ ಹಿಸುಕುತ್ತ ಹೇಳಿದ: "ನಮ್ಮ ವಾರ್ಡಿನ ಪುಢಾರಿ ಹ್ಯಾಗರ್ಟಿ ಕೊಟ್ಟ. ಕೆಲಸ ಬೇಕಾದ್ರೆ ನಾನು ಹೇಳ್ದವರಿಗೆ ಓಟು ಹಾಕು, ಅದಕ್ಕೆ ಇದಿಟ್ಕೋ ಅಂದ. ಆಗ ನಂಗೆ ಇಂಗ್ಲಿಷ್ ಓದೋಕೆ ಬರ್ತಿರ್ಲಿಲ್ಲ. ಬಂದ್ಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಗುಮಾಸ್ತ ಪಟ್ಟಿ ತೆಗೆದು ಐವಿಂಡನ ಹೆಸರಿನ ಮೇಲೆ ಉದ್ದನೆಯ ಗೆರೆ ಎಳೆದ. "ಜೈಲಿಗೆ ಹಾಕಿಸ್ಬೇಕು. ನನ್ನ ಊಟದ ಹೊತ್ತು, ನೀನು ಬದುಕಿಕೊಂಡೆ. ಮೊದಲಿಂದ ಅರ್ಜಿ ಹಾಕು, ವರ್ಷಗಟ್ಟಲೆ ಕಾಯಿ."

"ನಾನೊಬ್ಬಳೇ ಬೇರೆ ಅರ್ಜಿ ಹಾಕ್ಲಾ?" ಎಂದಳು ಡೆಲಿಯಾ.

"ಗಂಡ ಬದುಕಿರೋ ತನಕ ಆಗಲ್ಲ ತಾಯೀ."

ಫಿಲೊಮೆನಾ ಐವಿಂಡನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಬೆಳಿಗ್ಗೆ ಆ ಮನೆಗೆ ಒಂದು ಓಟಿತ್ತು. ಮಧ್ಯಾಹ್ನಕ್ಕೆ ಒಂದೂ ಇರಲಿಲ್ಲ. ಗಂಡಹೆಂಡತಿ ಗುಡ್ಡ ಹತ್ತಿದರು. ಅರ್ಧ ದಾರಿಯಲ್ಲಿ ಡೆಲಿಯಾ ನಿಂತಳು.

"ಹೋದ ಅಕ್ಟೋಬರಿನಲ್ಲಿ ಹೆಂಗಸರಿಗೆ ಓಟು ಬೇಕೋ ಬೇಡವೋ ಅಂತ ಕೇಳಿದ್ರಲ್ಲ, ಆಗಲೂ ಹ್ಯಾಗರ್ಟಿ ಹೇಳ್ದಂಗೇ ಹಾಕಿದ್ಯಾ?"

"ಇಲ್ಲ." ಐವಿಂಡ್ ನೆಲ ನೋಡಿದ. "ಅದೊಂದು ಸಲ ಅವನ ಮಾತು ಕೇಳ್ಲಿಲ್ಲ. ನಿಂಗೇ ಹಾಕ್ದೆ."

ಡೆಲಿಯಾ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಇಡೀ ಊರಿನಲ್ಲಿ ಅವಳು ಖಂಡಿತವಾಗಿ ಗೆದ್ದಿದ್ದ ಓಟು ಅದೊಂದೇ. ಅದೂ ಕಳ್ಳ ಓಟು.